ಚೀಲದೊಳಗಿನ ಬಿಸಿ: ಸರ್ಕಾರ ಕೊಂಡ ಅಕ್ಕಿ ಮುಗ್ಗುವುದೇಕೆ?

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಹಮಾಲರೊಬ್ಬರು ನನಗೆ ಭತ್ತ ನೋಡುವುದನ್ನು ಕಲಿಸಿದರು. ಅವರು ಮೊದಲು ಕಾಳಿನ ಬಣ್ಣವನ್ನಾಗಲಿ ಗಾತ್ರವನ್ನಾಗಲಿ ನೋಡಲಿಲ್ಲ. ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ತೂರಿಸಿ ಸುಮ್ಮನೆ ನಿಂತರು. ‘ನೀವೂ ಕೈ ಇಡಿ ಸರ್’ ಎಂದರು. ಮೇಲಿನ ಭತ್ತ ತಣ್ಣಗಿತ್ತು. ಬೆರಳ ತುದಿ ತಲುಪಿದಲ್ಲಿ ಮಾತ್ರ, ಮಲಗಿದ್ದವರು ಆಗತಾನೆ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಆಮೇಲೆ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರು. ಒಣಗಿದ ಕಾಳು ‘ಕಟ್’ ಎನ್ನಬೇಕು, ಇದು ಎನ್ನಲಿಲ್ಲ. ‘ಇವತ್ತೇ ಹರವಿ ಒಣಗಿಸದಿದ್ದರೆ ಹದಿನೈದು ದಿನ ತಡೆಯುವುದಿಲ್ಲ’ ಎಂದು ಚೀಲದ ಬಾಯಿ ಕಟ್ಟಿದರು.

ಸರ್ಕಾರ ಕೊಂಡ ಅಕ್ಕಿ ಗೋದಾಮಿನಲ್ಲಿ ಮುಗ್ಗಿತು, ಹುಳ ಬಿತ್ತು, ಮಣ್ಣುಪಾಲಾಯಿತು ಎಂಬ ಸುದ್ದಿ ಬಂದಾಗಲೆಲ್ಲ ನನಗೆ ಆ ಬಿಸಿ ನೆನಪಾಗುತ್ತದೆ. ಅಂಥ ಸುದ್ದಿಗೆ ನಮ್ಮೆಲ್ಲರ ಉತ್ತರ ಬಹುಮಟ್ಟಿಗೆ ಒಂದೇ: ‘ಗೋದಾಮು ಸಾಲದು.’ ಬಹಳ ಕಾಲ ನಾನೂ ಹಾಗೆಯೇ ನಂಬಿದ್ದೆ. ಈಗ ನನಗೆ ಅನ್ನಿಸುವುದು ಬೇರೆ. ಅಕ್ಕಿ ಕೊಳೆಯುವುದು ಗೋದಾಮಿನಲ್ಲಿ ನಿಜ, ಆದರೆ ಅದು ಕೊಳೆಯಬೇಕೆಂಬ ತೀರ್ಮಾನ ಆಗಿರುವುದು ಕೊಂಡ ದಿನವೇ. ಯಾರು ಉಣ್ಣುತ್ತಾರೆ, ಯಾವಾಗ ಉಣ್ಣುತ್ತಾರೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕೊಂಡ ಕಾಳಿಗೆ ಎಷ್ಟು ಗಟ್ಟಿ ಗೋದಾಮು ಕಟ್ಟಿದರೂ ಅದು ಕೊನೆಗೆ ಹೊರಬರುವುದು ಕಳಪೆಯಾಗಿ ಅಥವಾ ಅಗ್ಗವಾಗಿ.

ಮೊದಲು ಕಾಳಿನ ವಿಷಯ. ಕೊಯ್ದ ಭತ್ತಕ್ಕೆ ಇನ್ನೂ ಜೀವವಿರುತ್ತದೆ, ಅದು ಉಸಿರಾಡುತ್ತಿರುತ್ತದೆ. ಚೆನ್ನಾಗಿ ಒಣಗಿದ್ದರೆ ಆ ಉಸಿರು ಇದ್ದೂ ಇಲ್ಲದಷ್ಟು ನಿಧಾನ. ತೇವ ಹೆಚ್ಚಿದ್ದರೆ ಉಸಿರು ಜೋರಾಗುತ್ತದೆ, ಅದರಿಂದ ಬಿಸಿಯೂ ಪಸೆಯೂ ಹುಟ್ಟುತ್ತವೆ. ಪಸೆಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಬೆಳೆದಂತೆ ಬಿಸಿ ಇನ್ನೂ ಏರುತ್ತದೆ. ಹದಿನೈದಿಪ್ಪತ್ತು ಚೀಲ ಎತ್ತರದ ನಿಟ್ಟಿನ ನಟ್ಟನಡುವೆ ಇದು ಶುರುವಾದರೆ ಹೊರಗೆ ನಿಂತವರಿಗೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ಮೀರಬಾರದು ಎಂಬ ನಿಯಮ ಇರುವುದು ಇದಕ್ಕೇ. ಅಕ್ಕಿಗೆ ಮಿತಿ ಇನ್ನೂ ಬಿಗಿ, ಏಕೆಂದರೆ ಭತ್ತಕ್ಕೆ ಹೊಟ್ಟಿನ ಕವಚವಿದೆ, ಅಕ್ಕಿಗೆ ಇಲ್ಲ. ಗಿರಣಿಯಿಂದ ಹೊರಬಂದ ಅಕ್ಕಿ ಬರಿಮೈಯದು. ಅದರ ಮೇಲೆ ಉಳಿದ ತೌಡಿನ ಎಣ್ಣೆಯಂಶ ಕಮಟುತ್ತದೆ. ಸೊಂಡಿಲು ಹುಳು ಕಾಳನ್ನೇ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಮನೆಯಲ್ಲಿ ಮೊರ ಹಿಡಿದು ಕೂತು ಹುಳ ಆರಿಸಿ ಬಿಸಾಡಿದ ಅಕ್ಕಿಯಲ್ಲಿ ವಾರದೊಳಗೆ ಮತ್ತೆ ಹುಳ ಕಾಣುವುದು ಈ ಕಾರಣಕ್ಕೆ: ಮರಿ ಕಾಳಿನ ಹೊಟ್ಟೆಯಲ್ಲಿತ್ತು.

ಹಾಗೆಂದು ಹಳೆಯದೆಲ್ಲ ಹಾಳಾದದ್ದಲ್ಲ. ನಮ್ಮ ಅಂಗಡಿಗಳಲ್ಲಿ ಹಳೇ ಸೋನಾ ಅಕ್ಕಿಗೆ ಹೊಸದಕ್ಕಿಂತ ಬೆಲೆ ಹೆಚ್ಚು. ವರ್ಷ ಕಳೆದ ಅಕ್ಕಿಯ ಅನ್ನ ಉದುರುದುರಾಗಿ ಆಗುತ್ತದೆ, ಅಗುಳಿಗೆ ಅಗುಳು ಅಂಟುವುದಿಲ್ಲ. ಒಣಗಿಸಿದ ಭತ್ತವನ್ನು ಭತ್ತವಾಗಿಯೇ ಇಟ್ಟು ಬೇಕಾದಾಗ ಗಿರಣಿಗೆ ಹಾಕಿಸಿದವರ ಮನೆಯಲ್ಲಿ ಕಾಲ ಕಳೆದಷ್ಟೂ ಅಕ್ಕಿಯ ಬೆಲೆ ಏರಿದೆ. ಕಾಲವೇ ಶತ್ರುವಾಗುವುದು ಹಸಿಯಾಗಿ ಕೊಂಡಾಗ, ಅವಸರದಲ್ಲಿ ಅಕ್ಕಿ ಮಾಡಿಸಿದಾಗ, ಹೊರಗೆ ಕಳಿಸುವ ದಾರಿ ಇಲ್ಲದಾಗ.

ದಾರಿಯಿಲ್ಲದೆ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಥಾಯ್ಲೆಂಡ್‌ಗಿಂತ ದೊಡ್ಡ ನಿದರ್ಶನ ನಮ್ಮ ಕಾಲದಲ್ಲಿ ಇನ್ನೊಂದಿಲ್ಲ. 2011ರಲ್ಲಿ ಅಲ್ಲಿ ಯಿಂಗ್ಲಕ್ ಶಿನಾವತ್ರ ಅವರ ಸರ್ಕಾರ ಭತ್ತದ ಅಡಮಾನ ಯೋಜನೆ ತಂದಿತು. ರೈತ ಭತ್ತವನ್ನು ಒತ್ತೆಯಿಟ್ಟು ಹಣ ಪಡೆಯುವುದು, ಪೇಟೆಯಲ್ಲಿ ದರ ಏರಿದರೆ ಬಿಡಿಸಿಕೊಂಡು ಮಾರುವುದು ಎಂಬುದು ಅಡಮಾನದ ಮೂಲ ಅರ್ಥ. ನಮ್ಮ ಎಪಿಎಂಸಿಗಳ ಅಡಮಾನ ಸಾಲವೂ ಇದೇ ತರಹದ್ದು. ಆದರೆ ಅಲ್ಲಿ ಬಿಳಿ ಅಕ್ಕಿಯ ಭತ್ತಕ್ಕೆ ಗೊತ್ತುಮಾಡಿದ ದರ ಟನ್ನಿಗೆ 15,000 ಬಾತ್. ಪೇಟೆಯ ದರಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚು. ಒತ್ತೆಯ ಬೆಲೆ ಮಾರುಕಟ್ಟೆಗಿಂತ ಮೇಲಿದ್ದರೆ ಬಿಡಿಸಿಕೊಳ್ಳುವವರು ಯಾರು? ಅಡಮಾನ ಎಂಬ ಹೆಸರಿನಲ್ಲಿ ರೈತರು ತಂದುಕೊಟ್ಟ ಭತ್ತವನ್ನೆಲ್ಲ ಸರ್ಕಾರವೇ ಕೊಳ್ಳುವಂತಾಯಿತು.

ಸರ್ಕಾರದ ಲೆಕ್ಕಾಚಾರ ಹೀಗಿತ್ತು: ಅಕ್ಕಿ ರಫ್ತಿನಲ್ಲಿ ನಾವೇ ಮೊದಲಿಗರು, ನಾವು ಬಿಗಿಹಿಡಿದರೆ ಜಗತ್ತಿನ ದರ ಏರುತ್ತದೆ, ಆಗ ಮಾರೋಣ. ಆ ಹೊತ್ತಿಗೇ, 2011ರ ಸೆಪ್ಟೆಂಬರ್‌ನಲ್ಲಿ, ಭಾರತ ಬಾಸ್ಮತಿಯೇತರ ಅಕ್ಕಿಯ ರಫ್ತು ನಿಷೇಧವನ್ನು ತೆಗೆಯಿತು. ವಿಯೆಟ್ನಾಂ ಕೂಡ ಮಾರುತ್ತಲೇ ಇತ್ತು. ದರ ಏರಲಿಲ್ಲ. 2012ರಲ್ಲಿ ಥಾಯ್ಲೆಂಡ್ ಮೊದಲ ಸ್ಥಾನವನ್ನು ಭಾರತಕ್ಕೆ ಬಿಟ್ಟುಕೊಟ್ಟಿತು. ಗೋದಾಮುಗಳು ತುಂಬಿದವು, ಖಜಾನೆ ಬರಿದಾಯಿತು. 2014ರ ಆರಂಭದಲ್ಲಿ ಭತ್ತ ಕೊಟ್ಟ ರೈತರೇ ತಿಂಗಳುಗಟ್ಟಲೆ ಹಣ ಬಾರದೆ ಬೀದಿಗಿಳಿದರು. ಮೇ ತಿಂಗಳ ಸೇನಾ ದಂಗೆಯ ನಂತರ ತಪಾಸಣೆ ನಡೆದಾಗ ದಾಸ್ತಾನು ಸುಮಾರು 180 ಲಕ್ಷ ಟನ್ ಇತ್ತು. ಅದರಲ್ಲಿ ಗುಣಮಟ್ಟ ಉಳಿಸಿಕೊಂಡಿದ್ದು ಸಣ್ಣ ಪಾಲು ಮಾತ್ರ. ಉಳಿದದ್ದನ್ನು ವರ್ಷಗಳ ಕಾಲ ಹರಾಜು ಹಾಕಿದರು. ಮನುಷ್ಯರು ತಿನ್ನಲಾಗದ್ದು ಪಶು ಆಹಾರಕ್ಕೂ ಕಾರ್ಖಾನೆಗಳಿಗೂ ಹೋಯಿತು. ಯೋಜನೆಯಲ್ಲಿ ಕರ್ತವ್ಯಲೋಪವಾಗಿದೆ ಎಂದು 2017ರಲ್ಲಿ ಅಲ್ಲಿನ ನ್ಯಾಯಾಲಯ ಯಿಂಗ್ಲಕ್ ಅವರಿಗೆ ಐದು ವರ್ಷ ಸೆರೆವಾಸ ವಿಧಿಸಿತು. ತೀರ್ಪು ಬರುವಷ್ಟರಲ್ಲಿ ಅವರು ದೇಶ ಬಿಟ್ಟಿದ್ದರು. 2024ರಲ್ಲಿ ಸುರಿನ್ ಪ್ರಾಂತದ ಗೋದಾಮಿನಲ್ಲಿ ವಾಣಿಜ್ಯ ಸಚಿವರು ಹತ್ತು ವರ್ಷ ಹಳೆಯ ಅಕ್ಕಿಯ ಅನ್ನವನ್ನು ಮಾಧ್ಯಮದವರ ಎದುರಿಗೇ ಉಂಡು ತೋರಿಸಿದರು, ಇದು ಇನ್ನೂ ತಿನ್ನಬಹುದಾದ ಅಕ್ಕಿ ಎಂದು. ಅದನ್ನು ಪದೇ ಪದೇ ತೊಳೆದು ಬೇಯಿಸಬೇಕಾಯಿತು.

ಆ ಅಕ್ಕಿ ತಿನ್ನಲು ಯೋಗ್ಯವೋ ಅಲ್ಲವೋ ಎಂಬ ಚರ್ಚೆಯಲ್ಲಿ ಒಂದು ವಿಷಯ ಮರೆತೇಹೋಯಿತು. ಹತ್ತು ವರ್ಷ ಅದನ್ನು ಯಾರೂ ಉಣ್ಣದೆ ಬಿಟ್ಟದ್ದೇಕೆ?

ಈಗ ನಮ್ಮ ದೇಶಕ್ಕೆ ಬರೋಣ. ಭಾರತದ ಕಥೆ ಥಾಯ್ಲೆಂಡಿನದಲ್ಲ. ನಾವು ಕೊಳ್ಳುವುದು ರಫ್ತಿನ ಲಾಭಕ್ಕಲ್ಲ, ಸುಮಾರು 80 ಕೋಟಿ ಜನರ ಪಡಿತರಕ್ಕೆ. ನಮಗೆ ಹೊರಹೋಗುವ ದಾರಿ ಇದೆ, ಅದೂ ವಿಶಾಲವಾದದ್ದು. ಹಾಗಾಗಿ ಭಾರತೀಯ ಆಹಾರ ನಿಗಮದ ಲೆಕ್ಕದಲ್ಲಿ ‘ವಿತರಣೆಗೆ ಅಯೋಗ್ಯ’ ಎಂದು ಬರೆಯುವ ಧಾನ್ಯ ಒಟ್ಟು ದಾಸ್ತಾನಿನಲ್ಲಿ ತೀರ ಸಣ್ಣ ಪಾಲು. ಇದನ್ನು ಒಪ್ಪಿಕೊಳ್ಳದೆ ಮುಂದೆ ಮಾತಾಡುವುದು ಪ್ರಾಮಾಣಿಕತೆಯಲ್ಲ. ಆದರೆ ಒಳಬರುವ ಬಾಗಿಲು ಹೊರಹೋಗುವ ಬಾಗಿಲಿಗಿಂತ ದೊಡ್ಡದಾಗಿದೆ. ಜುಲೈ 1ಕ್ಕೆ ನಮ್ಮಲ್ಲಿ ಇರಬೇಕಾದ ಅಕ್ಕಿಯ ಕನಿಷ್ಠ ದಾಸ್ತಾನು ಸುಮಾರು 135 ಲಕ್ಷ ಟನ್. 2025ರ ಜೂನ್ ಆರಂಭದಲ್ಲಿ, ಗಿರಣಿಗೆ ಹೋಗದ ಭತ್ತವನ್ನೂ ಅಕ್ಕಿಯ ಲೆಕ್ಕಕ್ಕೆ ತಂದರೆ, ಇದ್ದದ್ದು 590 ಲಕ್ಷ ಟನ್ನಿಗೂ ಹೆಚ್ಚು. ನಾಲ್ಕು ಪಟ್ಟು. 2024ರ ಅಕ್ಟೋಬರ್‌ನಲ್ಲಿ ಪಂಜಾಬಿನ ಗಿರಣಿಗಳು ಹಿಂದಿನ ವರ್ಷದ ಅಕ್ಕಿಯೇ ಇನ್ನೂ ಗೋದಾಮಿನಿಂದ ಕದಲಿಲ್ಲ, ಹೊಸ ಭತ್ತ ಎಲ್ಲಿಡುವುದು ಎಂದು ಕೈಚೆಲ್ಲಿ ಕೂತವು; ಮಂಡಿಗಳಲ್ಲಿ ಭತ್ತದ ರಾಶಿ ಹಾಗೇ ಉಳಿದು ರೈತರು ರಸ್ತೆ ತಡೆದರು. ಗೋಧಿ ಉಣ್ಣುವ ಪಂಜಾಬ್ ದೇಶಕ್ಕಾಗಿ ಅಕ್ಕಿ ಬೆಳೆಯುತ್ತದೆ, ಅಂತರ್ಜಲ ಬತ್ತಿಸಿಕೊಂಡು ಬೆಳೆಯುತ್ತದೆ. ಅಲ್ಲಿನ ಭತ್ತದ ಬಹುಪಾಲನ್ನು ಸರ್ಕಾರ ಕೊಳ್ಳುತ್ತದೆ. ಇತ್ತ ದೇಶದ ಒಟ್ಟು ರೈತರಲ್ಲಿ ಬೆಂಬಲ ಬೆಲೆಗೆ ಸರ್ಕಾರಕ್ಕೆ ಮಾರಿದವರು ಶೇ 6 ಮಾತ್ರ ಎಂದು, ಆಹಾರ ನಿಗಮದ ಸುಧಾರಣೆಗೆಂದು ಕೇಂದ್ರ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲಿ ವರದಿ ಕೊಟ್ಟಿತು.

ಆ ಶೇ 6ರ ಹೊರಗೆ ಉಳಿದವರು ನಮ್ಮ ಭದ್ರಾ ನಾಲೆಯ ರೈತರು. ಬಲದಂಡೆ ನಾಲೆಯ ನೀರು ದಾವಣಗೆರೆ, ಹರಿಹರದವರೆಗೆ ಬರುತ್ತದೆ. ಕೊನೆ ಭಾಗಕ್ಕೆ ನೀರು ತಲುಪಿಸಲು ಪ್ರತಿ ವರ್ಷ ಹೋರಾಟವೇ ಆಗಬೇಕು. ಮಳೆಗಾಲದ ಬೆಳೆ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಯಂತ್ರದಲ್ಲಿ ಕೊಯ್ದ ಭತ್ತ ಹಸಿಯಾಗಿರುತ್ತದೆ. ಒಣಗಿಸಲು ಕಣವಿಲ್ಲದೆ ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ರಾತ್ರಿ ಪಕ್ಕದಲ್ಲೇ ಮಲಗಿ ಕಾಯುತ್ತಾರೆ. ಬೆಂಬಲ ಬೆಲೆಯ ನೋಂದಣಿ, ಗುಣಮಟ್ಟ ಪರೀಕ್ಷೆ, ಗಿರಣಿಗಳ ಜೊತೆ ಒಪ್ಪಂದ ಎಲ್ಲ ಮುಗಿದು ಖರೀದಿ ಕೇಂದ್ರದಲ್ಲಿ ತೂಕ ಶುರುವಾಗುವುದು ಸಾಮಾನ್ಯವಾಗಿ ಹೊಸ ವರ್ಷದ ಹೊತ್ತಿಗೆ. ಗೊಬ್ಬರದ ಸಾಲ, ಯಂತ್ರದ ಬಾಡಿಗೆ ತಲೆಯ ಮೇಲಿರುವ ರೈತ ಅಲ್ಲಿಯವರೆಗೆ ಕಾಯುವುದಿಲ್ಲ. ಗದ್ದೆಯ ಬದುವಿನಲ್ಲೇ ವ್ಯಾಪಾರಿಗೆ ಕೊಟ್ಟುಬಿಡುತ್ತಾನೆ. ಇನ್ನೊಂದು ಕಾರಣವೂ ಇದೆ. ಇಲ್ಲಿ ಬೆಳೆಯುವುದು ಹೆಚ್ಚಾಗಿ ಸೋನಾ, ಆರ್‌ಎನ್‌ಆರ್ ತರಹದ ಸಣ್ಣ ಭತ್ತ. ಒಳ್ಳೆಯ ವರ್ಷಗಳಲ್ಲಿ ಅದಕ್ಕೆ ಪೇಟೆಯಲ್ಲೇ ಬೆಂಬಲ ಬೆಲೆಗಿಂತ ಹೆಚ್ಚು ಸಿಗುತ್ತದೆ. ಸರ್ಕಾರದ ಖರೀದಿ ಬೇಕಾಗುವುದು ಕೆಟ್ಟ ವರ್ಷಗಳಲ್ಲಿ. ಆ ವರ್ಷಗಳಲ್ಲೇ ಅದು ತಡವಾಗಿ ಬರುತ್ತದೆ.

ಹೀಗಾಗಿ ಭತ್ತದ ನಾಡಿನಲ್ಲೇ ಪಡಿತರದ ಅಕ್ಕಿ ಬಹುಮಟ್ಟಿಗೆ ಹೊರರಾಜ್ಯದ್ದು. ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯಿಂದ ಕಳೆದ ಮಳೆಗಾಲದಲ್ಲಿ ತಂದ ಅಕ್ಕಿಯನ್ನು ಪಕ್ಕದ ಮನೆಯ ಅಜ್ಜಿ ಮೊರಕ್ಕೆ ಸುರಿದಾಗ ನಾನು ಅಲ್ಲೇ ಇದ್ದೆ. ಲಿಂಬೆಹಣ್ಣಿನ ಗಾತ್ರದ ಎರಡು ಗಂಟುಗಳು ಉರುಳಿದವು. ಬೆರಳಲ್ಲಿ ಒತ್ತಿದರೆ ಒಳಗೆ ಕಾಳು ಕಾಳಿಗೆ ಅಂಟಿ ಹಳದಿಯಾಗಿತ್ತು, ನೂಲಿನಂಥ ಬಲೆ ಹೆಣೆದಿತ್ತು. ಅಜ್ಜಿ ಗಂಟನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು, ಉಳಿದದ್ದನ್ನು ಕೇರತೊಡಗಿದರು. ‘ಕೋಳಿಗೆ ಹಾಕಬಹುದೇನಜ್ಜಿ?’ ಎಂದೆ. ‘ಕೋಳಿಗೂ ಹೊಟ್ಟೆ ಇರುತ್ತದಪ್ಪ’ ಎಂದರು. ಸರಿಯಾದ ಮಾತು. ಬೂಷ್ಟಿನ ಕೆಲವು ಜಾತಿಗಳು ಬಿಡುವ ವಿಷ ಬೇಯಿಸಿದರೂ ಹೋಗುವುದಿಲ್ಲ, ಕೋಳಿಗೂ ತಟ್ಟುತ್ತದೆ. ಆಹಾರ ನಿಗಮ ಕೆಟ್ಟ ಧಾನ್ಯವನ್ನು ಪಶು ಆಹಾರ, ಕಾರ್ಖಾನೆ ಬಳಕೆ, ಗೊಬ್ಬರ, ಕೊನೆಗೆ ಹೂಳುವುದು ಎಂದು ವರ್ಗ ಮಾಡುವುದೂ ಇದಕ್ಕೇ. ಅಜ್ಜಿ ಪಕ್ಕಕ್ಕಿಟ್ಟ ಆ ಎರಡು ಗಂಟು ಮಾತ್ರ ಯಾವ ವರ್ಗದ ಲೆಕ್ಕದಲ್ಲೂ ಬರುವುದಿಲ್ಲ. ಗೋದಾಮಿನಿಂದ ಯೋಗ್ಯ ಎಂದು ಹೊರಬಿದ್ದ ಚೀಲದಲ್ಲಿದ್ದ ನಷ್ಟವನ್ನು ಹೊರುವುದು ಉಣ್ಣುವವರು.

ಇಂಥ ಅಕ್ಕಿಯನ್ನು, ನೂರರಲ್ಲಿ ಇಪ್ಪತ್ತೈದು ಪಾಲಿನವರೆಗೆ ನುಚ್ಚಿರಬಹುದು ಎಂಬ ನಿಯಮ ಬಹುಕಾಲ ಇದ್ದ ಅಕ್ಕಿಯನ್ನು, ಕೆಲವರು ಉಣ್ಣದೆ ಮಾರುತ್ತಾರೆ. ಹಾಗೆ ಕೊಂಡು ಸಾಗಿಸುವವರ ಲಾರಿ ಸಿಕ್ಕಿಬಿದ್ದರೆ ಅಕ್ಕಿ ಮುಟ್ಟುಗೋಲಾಗಿ ಮತ್ತೆ ಗೋದಾಮಿಗೇ ಬರುತ್ತದೆ. ಪ್ರಕರಣ ಮುಗಿಯುವವರೆಗೆ ಕಾಯುತ್ತಾ ಕೂತರೆ ಅಲ್ಲೇ ಹುಡಿಯಾಗುತ್ತದೆ. ಕಾಯಬೇಕಾಗಿಯೇ ಇಲ್ಲ: ಬೇಗ ಕೆಡುವ ವಸ್ತುವನ್ನು ಮಾರಿಬಿಡಲು, ಧಾನ್ಯವಾದರೆ ನ್ಯಾಯಬೆಲೆ ಅಂಗಡಿಗಳ ಮೂಲಕವೇ ಕೊಡಲು, 1955ರ ಅಗತ್ಯ ವಸ್ತುಗಳ ಕಾಯ್ದೆಯ 6ಎ ಕಲಂ ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟಿದೆ.

ಕರ್ನಾಟಕಕ್ಕೆ ಮರೆಯಲಾಗದ ವರ್ಷ 2023. ಅನ್ನಭಾಗ್ಯದಲ್ಲಿ ತಲೆಗೆ ಇನ್ನೂ ಐದು ಕೆಜಿ ಕೊಡುವ ಭರವಸೆ ಕೊಟ್ಟಿದ್ದ ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ಕೊಳ್ಳಲು ಸಿದ್ಧವಿತ್ತು. ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ, ಅಂದರೆ ತನ್ನ ದಾಸ್ತಾನಿನಿಂದ ನೇರವಾಗಿ ಮಾರುವ ಯೋಜನೆಯಡಿ, ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಅಕ್ಕಿಯ ಬದಲು ತಿಂಗಳಿಗೆ ತಲಾ 170 ರೂಪಾಯಿ ಖಾತೆಗೆ ಬಂತು. ಜುಲೈನಲ್ಲಿ ಬಿಳಿ ಅಕ್ಕಿಯ ರಫ್ತನ್ನೂ ನಿಷೇಧಿಸಲಾಯಿತು. ಮಳೆ ಕೈಕೊಡುವ ಭಯ ಆಗ ನಿಜವಾಗಿಯೇ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ವರ್ಷ ನಮ್ಮ ಜಿಲ್ಲೆಗಳೇ ಬರ ಕಂಡವು. ಆದರೆ ಭಯದಲ್ಲಿ ಮುಚ್ಚಿದ ಬಾಗಿಲನ್ನು ಯಾವಾಗ ತೆರೆಯಬೇಕು ಎಂಬ ನಿಯಮ ಇರಲಿಲ್ಲ. ರಫ್ತು ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ. ದಾಸ್ತಾನು ಉಕ್ಕಿದ ಮೇಲೆ, 2025ರ ಆರಂಭದಲ್ಲಿ, ಅದೇ ಅಕ್ಕಿ ರಾಜ್ಯಗಳಿಗೂ, ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂಬ ಮದ್ಯಸಾರದ ಕಾರ್ಖಾನೆಗಳಿಗೂ ಕೆಜಿಗೆ 22 ರೂಪಾಯಿ 50 ಪೈಸೆಗೆ ಸಿಕ್ಕಿತು. ಆಹಾರ ನಿಗಮಕ್ಕೆ ಕೊಂಡು, ಸಾಗಿಸಿ, ಕಾಪಾಡಿ ಕೊಡಲು ತಗಲುವ ವೆಚ್ಚ ಕೆಜಿಗೆ 40 ರೂಪಾಯಿಯ ಆಸುಪಾಸು. ಒಂದು ಕಾಳೂ ಮುಗ್ಗದಿದ್ದರೂ ಇದು ನಷ್ಟವೇ.

ಈ ನಷ್ಟದ ಬಿಸಿ ದಾವಣಗೆರೆಗೆ ತಟ್ಟಿದ್ದು ಮೆಕ್ಕೆಜೋಳದಲ್ಲಿ, ಇದರ ಬಗ್ಗೆ ಮಾತು ಬಹಳ ಕಡಿಮೆ. ಎಥನಾಲ್‌ಗೆಂದು ಕೇಂದ್ರವು 2024–25ರಲ್ಲಿ ತೆಗೆದಿಟ್ಟ ಅಕ್ಕಿ 52 ಲಕ್ಷ ಟನ್. ಕಾರ್ಖಾನೆಗಳಿಗೆ ಅದಕ್ಕೆ ಮೊದಲು ಮೆಕ್ಕೆಜೋಳವೇ ಮುಖ್ಯ ಧಾನ್ಯವಾಗಿತ್ತು, ಈಗಲೂ ಅದರ ಪಾಲು ದೊಡ್ಡದೇ. ಆದರೆ ಅಗ್ಗದ ಸರ್ಕಾರಿ ಅಕ್ಕಿ ಪಕ್ಕದಲ್ಲಿ ಸಿಗುವಾಗ ಜೋಳ ಕೊಳ್ಳುವವನಿಗೆ ಅವಸರವಿರುವುದಿಲ್ಲ. 2025ರ ಮುಂಗಾರಿನ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ನವೆಂಬರ್‌ನಲ್ಲಿ ನಮ್ಮ ಯಾರ್ಡಿನಲ್ಲಿ ದರ ಅದಕ್ಕಿಂತ ನೂರಾರು ರೂಪಾಯಿ ಕೆಳಗಿತ್ತು. ಇಳುವರಿ ಚೆನ್ನಾಗಿತ್ತು, ಕಾಳಿನಲ್ಲಿ ತೇವವಿತ್ತು, ಅವೂ ಕಾರಣಗಳೇ. ಆದರೆ ಉಣ್ಣುವವರನ್ನು ಗೊತ್ತುಮಾಡದೆ ಪಂಜಾಬಿನಲ್ಲಿ ಕೊಂಡ ಅಕ್ಕಿ ಮದ್ಯಸಾರದ ಕೊಳಗಕ್ಕೆ ಹೋದಾಗ, ಜಗಳೂರಿನ ಒಣ ಹೊಲದಲ್ಲಿ ಯಾರಿಂದಲೂ ಏನನ್ನೂ ಕೇಳದೆ ಬೆಳೆದವನ ಜೋಳಕ್ಕೆ ಗಿರಾಕಿ ಕಡಿಮೆಯಾಗುತ್ತಾನೆ. ಇದನ್ನು ಯಾವ ಗೋದಾಮಿನ ತಪಾಸಣೆಯೂ ಹಿಡಿಯಲಾರದು.

ಕೊಳೆಯುವ ಧಾನ್ಯವನ್ನು ಬಡವರಿಗೆ ಹಂಚಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಅದು ಸಾಧ್ಯವಿಲ್ಲ ಎಂದು ಸರ್ಕಾರ ಅಂದಾಗ, ತಾನು ಕೊಟ್ಟದ್ದು ಸಲಹೆಯಲ್ಲ, ಆದೇಶ ಎಂದು ನ್ಯಾಯಪೀಠ ಸ್ಪಷ್ಟಪಡಿಸಬೇಕಾಯಿತು. ಆಮೇಲೆ ಆಹಾರ ಭದ್ರತಾ ಕಾಯ್ದೆ ಬಂತು, ಉಚಿತ ಧಾನ್ಯ ಬಂತು. 2023ರ ಮೇನಲ್ಲಿ ಸಹಕಾರ ಸಂಘಗಳ ಮೂಲಕ 700 ಲಕ್ಷ ಟನ್ ಸಾಮರ್ಥ್ಯದ ಗೋದಾಮು ಕಟ್ಟುವ ಯೋಜನೆಗೂ ಒಪ್ಪಿಗೆ ಸಿಕ್ಕಿತು. ಊರ ಸಂಘದ ಗೋದಾಮು ಒಳ್ಳೆಯದೇ, ನಾನು ಬೇಡವೆನ್ನುವುದಿಲ್ಲ. ಆದರೆ ಅದರಲ್ಲಿ ಊರಿನ ಕಾಳು ಇರಬೇಕು.

ಅದು ಆಗುತ್ತದೆ ಎಂಬುದಕ್ಕೆ ಚಿತ್ರದುರ್ಗದ ಕಡೆ ನೋಡಿದರೆ ಸಾಕು. ಹೊಸದುರ್ಗ ಸೀಮೆಯ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ರಾಗಿ ಉಣ್ಣುವ ಜಿಲ್ಲೆಗಳ ಪಡಿತರಕ್ಕೇ ಕೊಡುತ್ತಾರೆ. ಬೆಳೆದವರೂ ಉಣ್ಣುವವರೂ ಒಂದೇ ಸೀಮೆಯವರು. ಅಲ್ಲೂ ಸರತಿ ಸಾಲು, ಹಣ ತಡ, ನೋಂದಣಿಯ ಗೋಳು ಇದ್ದೇ ಇದೆ. ಆದರೆ ಕೊಂಡ ರಾಗಿಯನ್ನು ಏನು ಮಾಡುವುದೆಂಬ ಚಿಂತೆ ಅಕ್ಕಿಗೆ ಇದ್ದಷ್ಟು ಇಲ್ಲ. ರಾಗಿಯ ಗುಣವೂ ಅಂಥದ್ದು. ಸಣ್ಣ, ಗಟ್ಟಿ ಕಾಳು, ಹುಳ ಹೊಕ್ಕುವುದು ಕಷ್ಟ. ಹಿಂದೆ ಅದನ್ನು ಹಗೇವಿಗೆ ಹಾಕುತ್ತಿದ್ದರು: ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾದ, ಒಳಗೆ ಅಗಲವಾದ ಗುಂಡಿ. ಗೋಡೆಗೆ ಹುಲ್ಲು ಕೊಟ್ಟು, ಕಾಳು ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕಾಳಿನ ಉಸಿರಿಗೇ ಖರ್ಚಾಗಿ ಹುಳಕ್ಕೆ ಉಳಿಗಾಲವಿರುತ್ತಿರಲಿಲ್ಲ. ತೆರೆದ ಕೂಡಲೇ ಒಳಗೆ ಇಳಿಯಬಾರದೆಂದು, ದೀಪ ಇಳಿಬಿಟ್ಟು ಆರುತ್ತದೆಯೇ ಎಂದು ನೋಡುತ್ತಿದ್ದರು. ಇವತ್ತು ಗೋದಾಮಿನ ನಿಟ್ಟಿಗೆ ಟಾರ್ಪಾಲು ಮುಚ್ಚಿ ಅಲ್ಯುಮಿನಿಯಂ ಫಾಸ್ಫೈಡ್ ಹೊಗೆ ಕೊಡುವಾಗಲೂ ಗಾಳಿ ಆಡದಂತೆ ಮುಚ್ಚುವುದೇ ಮುಖ್ಯ. ಅಂಚಿನಲ್ಲಿ ಸಂದು ಬಿಟ್ಟರೆ ಹುಳ ಸಾಯುವುದಿಲ್ಲ, ಬದುಕುಳಿದದ್ದು ಮುಂದಿನ ಸಲ ಇನ್ನೂ ಗಟ್ಟಿಯಾಗಿರುತ್ತದೆ.

ಭತ್ತಕ್ಕೂ ಇದೇ ದಾರಿ ಹಾಕಬಹುದು. ಹರಿಹರ, ಹೊನ್ನಾಳಿ, ದಾವಣಗೆರೆ ತಾಲ್ಲೂಕಿನ ಭತ್ತವನ್ನು ಈ ಜಿಲ್ಲೆಯ ವಸತಿನಿಲಯಗಳಿಗೆ, ಅಂಗನವಾಡಿಗಳಿಗೆ, ಪಡಿತರಕ್ಕೆ ಬೇಕಾದಷ್ಟೇ ಲೆಕ್ಕ ಹಾಕಿ ಕೊಳ್ಳುವುದು. ಪೂರ್ತಿ ಅಕ್ಕಿ ಮಾಡಿಸದೆ ಭತ್ತವಾಗಿಯೇ ಇಟ್ಟು ಎರಡು ಮೂರು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಕಳಿಸುವುದು. ಎಷ್ಟು ದಿನದ ಹಿಂದೆ ಮಾಡಿದ ಅಕ್ಕಿ ಎಂಬುದು ಚೀಲದ ಮೇಲೆ ಉಣ್ಣುವವರಿಗೆ ಓದುವಂತೆ ಇರಬೇಕು. ದಾಸ್ತಾನು ಕನಿಷ್ಠ ಮಟ್ಟಕ್ಕಿಂತ ಇಷ್ಟು ಪಟ್ಟು ಏರಿದರೆ ರಾಜ್ಯಗಳಿಗೆ ಮಾರಾಟದ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ನಿಯಮವನ್ನು ಕೇಂದ್ರವು ಮೊದಲೇ ಬರೆದಿಡಬೇಕು. ಆಗ 2023ರಲ್ಲಿ 34 ರೂಪಾಯಿಗೂ ಸಿಗದ ಅಕ್ಕಿ ಎರಡು ವರ್ಷದೊಳಗೆ 22.50ಕ್ಕೆ ಇಳಿದು ಕಾರ್ಖಾನೆ ಸೇರುವಂತಾಗುವುದಿಲ್ಲ.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಕಣ. ಖರೀದಿ ಕೇಂದ್ರ ತೆರೆಯುವುದಕ್ಕೆ ಮುಂಚೆ, ದೀಪಾವಳಿಯ ಹೊತ್ತಿಗೆ, ಪ್ರತಿ ಹೋಬಳಿಯಲ್ಲೂ ಕಾಂಕ್ರೀಟ್ ಕಣ, ತೇವಾಂಶ ನೋಡುವ ಯಂತ್ರ, ಬಿಸಿಲಿಲ್ಲದ ದಿನಕ್ಕೆ ಒಣಗಿಸುವ ಒಂದು ಘಟಕ. ಹಸಿ ಭತ್ತ ತಂದ ರೈತನನ್ನು ‘ಶೇ 19 ಇದೆ, ನಡೆಯುವುದಿಲ್ಲ’ ಎಂದು ವಾಪಸು ಕಳಿಸಿದರೆ ಅದೇ ಭತ್ತ ಬೇರೆ ಯಾರದೋ ಹೆಸರಿನಲ್ಲಿ, ಬೇರೆ ಯಾವುದೋ ಲಾರಿಯಲ್ಲಿ, ಅಷ್ಟೇ ಹಸಿಯಾಗಿ ಯಾವುದೋ ನಿಟ್ಟಿನ ನಡುವೆ ಹೋಗಿ ಕೂರುತ್ತದೆ. ಆ ನಿಟ್ಟಿನ ಚೀಲಕ್ಕೆ ಯಾರೂ ಕೈ ತೂರಿಸಿ ನೋಡುವುದಿಲ್ಲ.